ಒಂದು ಸೆರಗಿಗಾಗಿ ಅಳಿಸಿದ ಇಂಗ್ಲೆಂಡ್

ಬಾಗಲಕೋಟೆ

ಇಂಗ್ಲೆಂಡಿಗೆ ಹೋಗಿಬಂದವರು ಸಾಮಾನ್ಯವಾಗಿ ಫೋಟೊ ತೋರಿಸುತ್ತಾರೆ. ನನ್ನ ಬಳಿ ಉಳಿದಿರುವುದು ಇಪ್ಪತ್ತೆಂಟು. ಅವುಗಳಲ್ಲಿ ಐದರಲ್ಲಿ ಮಳೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಮೂರರಲ್ಲಿ ನನ್ನದೇ ಬೆರಳು ಅಡ್ಡ ಬಂದಿದೆ. ಹಾಗಾಗಿ ಬರೆದು ಹೇಳುವುದೇ ವಾಸಿ.

೨೦೦೩ರಲ್ಲಿ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಉತ್ತರ ಇಂಗ್ಲೆಂಡಿನ ಒಂದು ಹಳೆಯ ಗಿರಣಿ ಊರಿನ ವಸ್ತುಸಂಗ್ರಹಾಲಯ ಎರಡು ವಾರದ ತರಬೇತಿಗೆ ಕರೆಯಿತು. ಹಳೆಯ ಬಟ್ಟೆಗಳನ್ನು ಕಾಪಾಡುವುದು ಹೇಗೆ ಎಂಬುದು ವಿಷಯ. ಅವರ ಸಂಗ್ರಹದ ಪಟ್ಟಿಯಲ್ಲಿ ಒಂದು ಸಾಲಿತ್ತು: ‘ಸೀರೆ, ಇಳಕಲ್, ನೂರು ವರ್ಷಕ್ಕಿಂತ ಹಳೆಯದು.’ ಇಳಕಲ್ಲಿಗೆ ಹೋದಾಗ ಅದನ್ನು ನನ್ನ ದೊಡ್ಡವ್ವನಿಗೆ ಓದಿ ಹೇಳಿದೆ.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ಗುರವ್ವ. ಆಗ ಅರವತ್ತು ದಾಟಿತ್ತು. ಮಗ್ಗದ ಮನೆಯಲ್ಲೇ ಹುಟ್ಟಿ ಮಗ್ಗದ ಮನೆಗೇ ಬಂದವಳು. ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿಗೆ ಹಾಸು ಎನ್ನುತ್ತಾರೆ; ಇಳಕಲ್ ಸೀರೆಯ ಒಡಲು ಮತ್ತು ಸೆರಗು ಒಂದೇ ಹಾಸಿನವಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದು ಹೆಂಗಸರ ಕೆಲಸ, ಇಬ್ಬರು ಎದುರುಬದುರು ಕೂತು ಮಾಡುವಂಥದ್ದು. ದೊಡ್ಡವ್ವನ ತಾಯಿ ಹಾಕಿದ ಕೊಂಡಿಯ ಮೇಲೆ ಬೆರಳಾಡಿಸಿದರೆ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲವಂತೆ. ದೊಡ್ಡವ್ವ ಹಾಕಿದ್ದು ಚೂರು ಉಬ್ಬುತ್ತಿತ್ತು. ಕೊಳ್ಳುವವರಿಗೆ ಗೊತ್ತಾಗುತ್ತಿರಲಿಲ್ಲ, ಅವಳಿಗೆ ಗೊತ್ತಾಗುತ್ತಿತ್ತು. ಆ ವರ್ಷ ಒಂದೇ ಸೀರೆಗೆ ಮೂರು ಸಲ ಕೊಂಡಿ ಹಾಕಿ ಮೂರು ಸಲ ಬಿಚ್ಚಿದ್ದಳು. ಸೆರಗಿನ ಕೆಂಪು ಹಾಸು ಮಗ್ಗದ ಪಕ್ಕದ ಗೂಟಕ್ಕೆ ತೂಗುತ್ತಿತ್ತು.

“ಆ ಸೀರಿ ಕೊಂಡಿ ನೋಡ್ಕೊಂಡು ಬಾ. ನೀ ಬರೋತನಕ ನಾ ಈ ಸೆರಗು ಹಚ್ಚೂದಿಲ್ಲ,” ಎಂದಳು.

“ಅದರಾಗ ಏನ್ ನೋಡ್ಲಿ, ದೊಡ್ಡವ್ವಾ?”

“ಅದು ಗೊತ್ತಿದ್ರ ನಿನ್ನ್ಯಾಕ ಕಳಸ್ತಿದ್ದೆ?”

ಬಾಗಲಕೋಟೆಯ ಸ್ಟೇಷನ್ ರಸ್ತೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಮಲ್ಲಪ್ಪ ಕಾಕಾ ನನ್ನ ತಂದೆಯ ಗೆಳೆಯರು. ಹೊಸದಾಗಿ ತರಿಸಿದ್ದ ಡಿಜಿಟಲ್ ಕ್ಯಾಮೆರಾವನ್ನು ನನಗೆ ಕೊಟ್ಟರು. ಒಳಗಿನ ಮೆಮರಿ ಕಾರ್ಡ್ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಬೆಂಕಿಪೊಟ್ಟಣದಷ್ಟೂ ಇರಲಿಲ್ಲ.

“ಜೆಪೆಗ್ ಅಂತ ಐತಿ ನೋಡು ತಂಗಿ, ಅದರಾಗ ತಗಿ. ತೊಂಬತ್ತು ಫೋಟೊ ಕೂಡ್ತಾವ. ಟಿಫ್ ಅಂತ ಇನ್ನೊಂದು ಐತಿ. ಅದನ್ನ ಮುಟ್ಟಬ್ಯಾಡ. ಹದಿಮೂರಕ್ಕ ಹೊಟ್ಟಿ ತುಂಬತೈತಿ ಇದರದ್ದು.”

ನನಗೆ ಯಾವುದನ್ನೂ ಪರೀಕ್ಷಿಸದೆ ಬಿಡುವ ಸ್ವಭಾವವಿಲ್ಲ. ಮರುವಾರ ದೊಡ್ಡವ್ವನ ಸೀರೆಯೊಂದರ ದಡಿಯನ್ನು ಎರಡೂ ಬಗೆಯಲ್ಲಿ ತೆಗೆದು, ಕಾಕಾನ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಎರಡನ್ನೂ ಅಚ್ಚು ಹಾಕಿಸಿ ಅವಳ ಮುಂದಿಟ್ಟೆ. ಟಿಫ್‌ನಲ್ಲಿ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ನಿಂತಿತ್ತು. ಜೆಪೆಗ್‌ನಲ್ಲಿ ಕೆಂಪು ಎಳೆಯ ಬಣ್ಣ ಪಕ್ಕದ ಕಪ್ಪಿಗೆ ಹರಿದು, ಅಂಚುಗಳಲ್ಲಿ ಮಸುಕು ಚೌಕಗಳು ಎದ್ದಿದ್ದವು.

“ಟಿಫ್ ಅನ್ನೋದು ಒಂದೊಂದು ಚುಕ್ಕಿಗೂ ಬಣ್ಣ ಯಾವುದು ಅಂತ ಬರ್ಕೊಂತೈತಿ,” ಎಂದು ವಿವರಿಸಿದೆ. “ಅದಕ್ಕ ಜಾಗ ಭಾಳ ಬೇಕು. ಜೆಪೆಗ್ ಅಷ್ಟ್ ತ್ರಾಸ ತಗೊಳೂದಿಲ್ಲ. ಇಲ್ಲಿಂದ ಇಲ್ಲಿತನಕ ಹೆಚ್ಚುಕಡಿಮಿ ಕೆಂಪು ಅಂತ ಬರದು ಮುಂದ ಹೋಕ್ಕೈತಿ.”

ದೊಡ್ಡವ್ವ ಜೆಪೆಗ್ ಕಾಗದವನ್ನು ನನ್ನ ಕಡೆ ಸರಿಸಿದಳು. “ಹೆಚ್ಚುಕಡಿಮಿ ಅಂದ್ರ ನೇಯಾಕ ಬರ್ತೈತೇನು?”

ಊರು ತೋರಿಸುವುದಕ್ಕೆ ಜೆಪೆಗ್, ಸೀರೆಗೆ ಟಿಫ್ ಎಂದು ಗೊತ್ತುಮಾಡಿಕೊಂಡು ಹೊರಟೆ. ಕಂಪ್ಯೂಟರಿಗೆ ಜೋಡಿಸುವ ತಂತಿಯನ್ನು ಕಾಕಾ ತಾವೇ ಇಟ್ಟುಕೊಂಡರು. “ಅಲ್ಲೇನ್ ಕಂಪ್ಯೂಟರ್ ಹೊತ್ಕೊಂಡು ಹೋಕ್ಕೀಯೇನ?” ಎಂದರು. ನನಗೂ ಸರಿ ಎನ್ನಿಸಿತು.

ಗಿರಣಿ ಊರು

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಅವ್ವ ಹುನಗುಂದದಿಂದ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿಯ ಡಬ್ಬಿಯನ್ನು ಅಧಿಕಾರಿಯೊಬ್ಬ ಎತ್ತಿ ಬೆಳಕಿಗೆ ಹಿಡಿದ. ಏನಿದು ಎಂದ. ರೊಟ್ಟಿ ಎಂದೆ. ಒಂದನ್ನು ಬೆರಳಿನಿಂದ ತಟ್ಟಿ ನೋಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದು ಅವನಿಂದಲೂ ತಟ್ಟಿಸಿದ. ತಿನ್ನುವುದೆಂದು ಇಬ್ಬರೂ ನಂಬಲಿಲ್ಲ. ಕೊನೆಗೆ ಕ್ಷಮೆ ಕೇಳಿ ಕಳಿಸಿದರು. ಕ್ಷಮೆ ಕೇಳುವುದು ಆ ದೇಶದವರಿಗೆ ಕೆಮ್ಮಿದಷ್ಟು ಸುಲಭ. ಬಸ್ಸಿನಲ್ಲಿ ನಾನೇ ಒಬ್ಬರ ಕಾಲು ತುಳಿದೆ, ಅವರು ನನ್ನ ಕ್ಷಮೆ ಕೇಳಿದರು.

ನಾನು ಉಳಿದಿದ್ದ ಮನೆಯ ಬಚ್ಚಲಿನಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ನಲ್ಲಿ. ನಡುವೆ ಒಂದು ಮೊಳ ಅಂತರ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಇಷ್ಟು ಯಂತ್ರ ಕಂಡುಹಿಡಿದ ಜನ ಎರಡು ನೀರನ್ನು ಸೇರಿಸಲು ಯಾಕೆ ಮನಸ್ಸು ಮಾಡಲಿಲ್ಲ ಎಂದು ಆ ಎರಡು ವಾರ ದಿನಾ ಬೆಳಿಗ್ಗೆ ಯೋಚಿಸಿದೆ. ನಲ್ಲಿಗಳ ಫೋಟೊ ತೆಗೆದೆ.

ಊರು ಇಟ್ಟಿಗೆಯ ಕೆಂಪು. ಬಾದಾಮಿಯ ಕೆಂಪು ಬಿಸಿಲನ್ನು ಕುಡಿದು ಹೊಳೆಯುತ್ತದೆ, ಇದು ಮಳೆ ಕುಡಿದು ಮಂಕಾದ ಕೆಂಪು. ಕಾಲುವೆಯ ಎರಡೂ ದಂಡೆಗೆ ಐದಾರು ಅಂತಸ್ತಿನ ಗಿರಣಿಗಳು, ನೂರಾರು ಕಿಟಕಿಗಳು, ಒಳಗೆ ಯಾರೂ ಇಲ್ಲ. ಇಳಕಲ್ಲಿನಲ್ಲಿ ಯಾವ ಓಣಿಗೆ ಕಾಲಿಟ್ಟರೂ ಮಗ್ಗದ ಸದ್ದು ಜೊತೆಗೆ ಬರುತ್ತದೆ. ಅದು ನಿಂತರೆ ಕರೆಂಟು ಹೋಯಿತೆಂದೋ ಯಾರೋ ತೀರಿಕೊಂಡರೆಂದೋ ಅರ್ಥ. ಇಲ್ಲಿ ಆ ಮೌನ ಸದಾ ಇತ್ತು, ಯಾರೂ ಗಾಬರಿಯಾದಂತೆ ಕಾಣಲಿಲ್ಲ. ಮೊದಲೆರಡು ದಿನ ನಾನೊಬ್ಬಳೇ ಕಿವಿಗೊಟ್ಟು ನಡೆದೆ.

ಡೋರೀನ್

ಬಟ್ಟೆಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಡೋರೀನ್. ದೊಡ್ಡವ್ವನ ವಯಸ್ಸಿನವರು. ಹದಿನೈದಕ್ಕೇ ಗಿರಣಿ ಸೇರಿ, ಅದು ಮುಚ್ಚುವ ತನಕ ನೇಯ್ದವರು. ಲಂಡನ್ನಿನ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ಮೈಸೂರಿನಿಂದ ಇಳಕಲ್ಲಿಗಿರುವಷ್ಟು ದೂರ. ಮಾತಿನ ಬಾಲ ಕತ್ತರಿಸಿ, ಗುರುತಿರಲಿ ಇಲ್ಲದಿರಲಿ ಎಲ್ಲರನ್ನೂ ಪ್ರೀತಿಯ ಒಂದೇ ಪದದಿಂದ ಕರೆಯುತ್ತಿದ್ದರು. ನಮ್ಮ ಕಡೆ ‘ಯವ್ವಾ’ ಅನ್ನುತ್ತಾರಲ್ಲ, ಹಾಗೆ. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಾಗಿಯೇ ಬಿದ್ದದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅವರಲ್ಲೊಂದು ವಿಚಿತ್ರವಿತ್ತು. ಕೋಣೆಯ ಆ ತುದಿಯಲ್ಲಿ ಕೂತ ಕಾವಲಿನ ಮುದುಕನ ಜೊತೆ ಧ್ವನಿಯೇ ಇಲ್ಲದೆ, ತುಟಿಗಳನ್ನು ಅಗಲಿಸಿ ಮಾತಾಡುತ್ತಿದ್ದರು. ಅವನೂ ಹಾಗೆಯೇ ಉತ್ತರಿಸುತ್ತಿದ್ದ. ಮೊದಲು ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆಂದು ಮುಜುಗರವಾಯಿತು. ಆಮೇಲೆ ತಿಳಿಯಿತು: ಗಿರಣಿಯ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ, ನೇಯುವವರೆಲ್ಲ ತುಟಿ ನೋಡಿ ಮಾತಾಡಲು ಕಲಿತರು. ಗಿರಣಿ ಹೋಯಿತು, ಚಾಳಿ ಉಳಿಯಿತು.

“ನನ್ನ ಬಗ್ಗೆ ಏನಂದ್ರಿ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಚಹಾಕ್ಕ ಒಂದೂ ಬಿಸ್ಕಿಟ್ ಮುಟ್ಟಂಗಿಲ್ಲ ಈ ಹುಡುಗಿ, ಹಿಂಗಾದ್ರ ಗಾಳಿಗೆ ಹಾರಿ ಹೋಕ್ಕಾಳ ಅಂದೆ, ಯವ್ವಾ.”

ಬಿಡುವಿನಲ್ಲಿ ಸುತ್ತಾಡಿ ಫೋಟೊ ತೆಗೆಯುತ್ತಿದ್ದೆ. ಅವ್ವನ ಅಪ್ಪಣೆ ಒಂದಿತ್ತು: ಹೋದಲ್ಲೆಲ್ಲ ನನ್ನ ಮುಖ ಇರಬೇಕು. ನನಗೆ ಫೋಟೊದಲ್ಲಿ ನಿಲ್ಲುವುದು ಕಷ್ಟ. ಆದರೂ ಅಪರಿಚಿತರ ಕೈಗೆ ಕ್ಯಾಮೆರಾ ಕೊಟ್ಟು ಗಡಿಯಾರದ ಗೋಪುರದ ಕೆಳಗೆ, ಸೇತುವೆಯ ಮೇಲೆ, ಬೇಕರಿಯ ಮುಂದೆ ಕೈಕಟ್ಟಿ ನಿಂತೆ. ಬೇಕರಿಯವನು ಗುಂಡಿ ಒತ್ತುವ ಹೊತ್ತಿಗೆ ಅವನ ನಾಯಿ ನನ್ನ ಸೆರಗು ಎಳೆಯಿತು, ಹಾಗಾಗಿ ಅದೊಂದರಲ್ಲಿ ನಗು ಬಂದಿತ್ತು. ಇಷ್ಟೆಲ್ಲ ಸೇರಿ ನಲವತ್ತೊಂಬತ್ತು ಜೆಪೆಗ್ ಆದವು. ಇನ್ನೆಷ್ಟು ಹಿಡಿಯುತ್ತದೆ ಎಂದು ಕ್ಯಾಮೆರಾವನ್ನು ಟಿಫ್‌ಗೆ ತಿರುಗಿಸಿ ನೋಡಿದೆ. ಆರು ಎಂದು ತೋರಿಸಿತು. ಒಂದು ಸೀರೆಗೆ ಆರು ಸಾಕೆಂದು ಲೆಕ್ಕ ಹಾಕಿದೆ.

ಬುಧವಾರ, ಎರಡರಿಂದ ನಾಲ್ಕು

ಸೀರೆಯನ್ನು ಪೆಟ್ಟಿಗೆಯಿಂದ ತೆಗೆಯಲು ಸಿಕ್ಕ ಅನುಮತಿ ಒಂದೇ ಮಧ್ಯಾಹ್ನದ್ದು, ಎರಡು ಗಂಟೆಯ ಅವಧಿ. ಗುರುವಾರ ಬೆಳಿಗ್ಗೆ ನನ್ನ ವಿಮಾನ.

ಡೋರೀನ್ ಉದ್ದನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಸುರುಳಿಯನ್ನು ಮಲಗಿಸಿ, “ಎಲ್ಲಿಂದ ಶುರು ಮಾಡೋಣ?” ಎಂದರು.

“ದಡಿ,” ಎಂದೆ, ಯೋಚಿಸದೆ.

ನಮ್ಮ ಮನೆಯಲ್ಲಿ ಸೀರೆ ತೋರಿಸುವ ಕ್ರಮ ಅದು. ಮೊದಲು ದಡಿ, ಆಮೇಲೆ ಒಡಲು, ಕಡೆಗೆ ಸೆರಗು. ಸೆರಗು ಮೊದಲು ಬಿಚ್ಚಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ, ನೇಯ್ದವನ ಉಳಿದ ಕಷ್ಟವನ್ನು ಯಾರೂ ನೋಡುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಸೆರಗಿಗೆ ಕೈಹಾಕಿ ಬೈಸಿಕೊಂಡವಳು ನಾನು. ಏಳು ಸಾವಿರ ಕಿಲೋಮೀಟರು ದೂರ ಬಂದರೂ ಕೈ ಆ ಬೈಗುಳವನ್ನು ಮರೆತಿರಲಿಲ್ಲ.

ಎಡದಡಿಗೆ ಒಂದು, ಬಲದಡಿಗೆ ಒಂದು. ಒಡಲಿನ ಚೌಕಡಿಗೆ ಮುಂಭಾಗ, ಹಿಂಭಾಗ ಎರಡು. ದಡಿ ಮತ್ತು ಒಡಲು ಕೂಡುವಲ್ಲಿಗೆ ಎರಡು. ಪ್ರತಿ ಟಿಫ್ ಕಾರ್ಡಿಗೆ ಇಳಿಯಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಡೋರೀನ್ ಕೊನೆಯ ಸುತ್ತನ್ನು ಬಿಚ್ಚಿದರು. ನೂರು ವರ್ಷ ಕತ್ತಲಲ್ಲಿದ್ದ ಕೆಂಪು ಸೆರಗು, ಬಿಳಿಯ ಜೋಳದ ತೆನೆಗಳ ಸಾಲು, ಅದರ ಬುಡದಲ್ಲಿ ಕೊಂಡಿ. ಗವುಸಿನ ಬೆರಳನ್ನು ಅದರ ಮೇಲೆ ಮೆಲ್ಲನೆ ಆಡಿಸಿದೆ. ತಾಗಲಿಲ್ಲ. ಕಣ್ಣಿಗೆ ಕಾಣುವ ಗೆರೆ ಬೆರಳಿಗೆ ಇರಲೇ ಇಲ್ಲ.

ಕ್ಯಾಮೆರಾ ಎತ್ತಿದೆ. ಕಾರ್ಡ್ ತುಂಬಿದೆ ಎಂದಿತು.

ಕುರ್ಚಿಯ ಮೇಲೆ ಕೂತುಬಿಟ್ಟೆ. ಗೋಡೆಯ ಗಡಿಯಾರ ಮೂರೂ ಮೂವತ್ತೈದು ತೋರಿಸುತ್ತಿತ್ತು. ಬ್ಯಾಟರಿಯ ಗುರುತು ಕೆಂಪಾಗಿ ಮಿಟುಕುತ್ತಿತ್ತು. ಡೋರೀನ್ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ ಎಂದರು. ತಂತಿ ಬಾಗಲಕೋಟೆಯಲ್ಲಿದೆ ಎಂದೆ.

“ಸಣ್ಣ ರೀತಿಯಾಗ, ಜೆಪೆಗ್‌ನಾಗ ತಗಿ ಹಂಗಾರ. ಒಂದೆರಡು ಅಳಿಸಿದ್ರ ಆತು, ಸಾಕಾಗೂದಿಲ್ಲೇನ?”

ಸಾಕಾಗುತ್ತಿರಲಿಲ್ಲ. ನಾನು ಇತಿಹಾಸ ಓದಿದವಳು, ಕೊಂಡಿ ಹಾಕಲು ಕಲಿಯದವಳು. ಎಳೆಗಳ ಎಣಿಕೆಯನ್ನು ವಹಿಯಲ್ಲಿ ಬರೆದುಕೊಳ್ಳಬಹುದಿತ್ತು. ಆದರೆ ದೊಡ್ಡವ್ವನ ಕಣ್ಣು ಏನನ್ನು ಹುಡುಕುತ್ತದೆಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಏನು ಬೇಕೆಂದು ತಿಳಿಯದಿದ್ದಾಗ ಎಲ್ಲವನ್ನೂ ಒಯ್ಯಬೇಕಾಗುತ್ತದೆ. ಹೆಚ್ಚುಕಡಿಮೆ ಎಂಬುದು ನಡೆಯುವುದಿಲ್ಲ.

ಅಂಗೈ ಅಗಲವನ್ನು ಮಾತ್ರ ಹತ್ತಿರದಿಂದ ಹಿಡಿಯಬಹುದಾದ್ದರಿಂದ ಕೊಂಡಿಗೆ ನಾಲ್ಕು ಚಿತ್ರ ಬೇಕಿತ್ತು: ಎಡತುದಿ, ನಡು, ಬಲತುದಿ, ಹಿಂಭಾಗ. ಒಡಲಿನ ಒಂದು ಟಿಫ್ ಅಳಿಸಿದೆ, ಒಂದಕ್ಕೆ ಜಾಗವಾಯಿತು, ಎಡತುದಿ ತೆಗೆದೆ. ಉಳಿದ ಮೂರಕ್ಕೆ ಜೆಪೆಗ್‌ಗಳೇ ಹೋಗಬೇಕು. ಒಂದು ಅಳಿಸಿದೆ, ಸೊನ್ನೆ ಎಂದಿತು. ಎರಡು, ಮೂರು, ನಾಲ್ಕು, ಐದು, ಆರು. ಸೊನ್ನೆ. ಏಳನೆಯದು ಹೋದಾಗ ಒಂದು ಎಂದಿತು. ಏಳು ಚಿತ್ರ ಕೊಟ್ಟರೆ ಒಂದು ಟಿಫ್. ಒಟ್ಟು ಇಪ್ಪತ್ತೊಂದು. ಎಲ್ಲವನ್ನೂ ಒಮ್ಮೆಗೇ ಅಳಿಸುವ ಗುಂಡಿ ಇತ್ತು, ಅದು ಸೀರೆಯ ಚಿತ್ರಗಳನ್ನೂ ಬಿಡುತ್ತಿರಲಿಲ್ಲ. ಒಂದೊಂದಾಗಿಯೇ ಹೋಗಬೇಕು. ಒಳ್ಳೆಯದು ಕೆಟ್ಟದ್ದು ಆರಿಸಲು ಹೊತ್ತಿರಲಿಲ್ಲ, ಮೊದಲಿನಿಂದ ಸಾಲಾಗಿ ಅಳಿಸುತ್ತ ಹೋದೆ. ಪ್ರತಿಸಲವೂ ಕ್ಯಾಮೆರಾ ‘ಖಚಿತವೇ?’ ಎಂದು ಕೇಳುತ್ತಿತ್ತು.

ಡೋರೀನ್ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. ಕಾಲುವೆಯ ಬಾತುಕೋಳಿಗಳು ಹೋದವು. ಗಡಿಯಾರದ ಗೋಪುರ ಹೋಯಿತು, ಅದರ ಕೆಳಗಿನ ನಾನೂ ಹೋದೆ.

“ಇವೇನು, ನಲ್ಲಿ ಫೋಟೊ?” ಎಂದರು.

“ನಮ್ಮ ಊರಾಗ ಹೇಳಿದ್ರ ನಂಬೂದಿಲ್ಲ ಅಂತ ತಗೊಂಡೆ.”

“ನಾವ ನಂಬೂದಿಲ್ಲ, ದಿನಾ ಕೈ ಸುಟ್ಕೊಂತೇವಿ.” ನಲ್ಲಿಗಳು ಹೋದವು.

ಮೂರೂ ಐವತ್ತಕ್ಕೆ ಕಾವಲಿನ ಮುದುಕ ಬಾಗಿಲಲ್ಲಿ ಬಂದು ನಿಂತು ತುಟಿ ಆಡಿಸಿದ. ಡೋರೀನ್ ತುಟಿಯಲ್ಲೇ ಏನೋ ಅಂದರು. ಅವನು ಗಡಿಯಾರ ತೋರಿಸಿದ. ಅವರು ಇನ್ನಷ್ಟು ಅಗಲವಾಗಿ ಅದನ್ನೇ ಅಂದರು. ಅವನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಏನಂದಿರಿ ಎಂದು ನಾನು ಕೇಳಲಿಲ್ಲ. ಧ್ವನಿ ಇಲ್ಲದಿದ್ದರೂ ಅದು ಬೈಗುಳವೆಂದು ಗೊತ್ತಾಗುವಂತಿತ್ತು.

ಇಪ್ಪತ್ತು ಹೋಗಿದ್ದವು. ಇನ್ನೊಂದು ಬೇಕಿತ್ತು. ಪರದೆಯ ಮೇಲೆ ಬೇಕರಿಯ ಮುಂದೆ ನಗುತ್ತಿರುವ ನಾನು ಬಂದೆ.

“ಇದು ಬ್ಯಾಡ,” ಎಂದರು ಡೋರೀನ್. “ಮುಂದಿಂದು ತಗಿ.” ಮುಂದಿನದು ಅವರದೇ ಚಿತ್ರ. ಚಹಾದ ಬಟ್ಟಲು ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು, ಯಾರಿಗೋ ತುಟಿಯಲ್ಲಿ ಏನೋ ಹೇಳುತ್ತಿರುವುದು. “ಹೂಂ, ಇದನ್ನ ಅಳಸು. ಈ ಮುಖ ಎಲ್ಲಿ ಹೋಗಬೇಕು ಯವ್ವಾ, ಇಲ್ಲೇ ಇರ್ತೈತಿ.”

ನಾನು ಹಿಂದಕ್ಕೆ ಹೋಗಿ ನಗುತ್ತಿದ್ದವಳನ್ನೇ ಅಳಿಸಿದೆ. ಡೋರೀನ್ ಸೆರಗಿನ ಅಂಚನ್ನು ಎರಡೂ ಕೈಯಲ್ಲಿ ಸಮ ಮಾಡಿ ಹಿಡಿದರು. ನಾಲ್ಕನೆಯ ಟಿಫ್ ಕಾರ್ಡಿಗೆ ಇಳಿದು ಮುಗಿದ ಮೇಲೆ ಕ್ಯಾಮೆರಾ ತಾನಾಗಿಯೇ ಆರಿತು.

ಮತ್ತೆ ಬಾಗಲಕೋಟೆ

ಇಪ್ಪತ್ತೊಂದು ಚಿತ್ರ ಹೋದ ಕಥೆ ಕೇಳಿ ಅವ್ವ, “ಹೋಗಿದ್ದಾದ್ರೂ ಖರೆ ಏನ?” ಎಂದಳು. ಮಲ್ಲಪ್ಪ ಕಾಕಾ, “ಟಿಫ್ ಮುಟ್ಟಬ್ಯಾಡ ಅಂತ ಹೇಳಿದ್ದೆ,” ಎಂದರು. ಫೋನಿನಲ್ಲಿ ಸುದ್ದಿ ಕೇಳಿದ ದೊಡ್ಡವ್ವ ಮರುದಿನ ಮೊದಲ ಬಸ್ಸಿಗೆ ಇಳಕಲ್ಲಿನಿಂದ ಬಂದು ಸ್ಟುಡಿಯೊದ ಕಟ್ಟೆಯ ಮೇಲೆ ಕೂತಿದ್ದಳು. ಕಾಕಾ ಬಾಗಿಲು ತೆಗೆಯುವುದಕ್ಕಿಂತ ಮುಂಚೆಯೇ.

ಆ ಕಂಪ್ಯೂಟರಿಗೆ ಟಿಫ್ ತೆರೆಯುವುದು ದೊಡ್ಡ ಕೆಲಸ. ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ದೊಡ್ಡವ್ವ ಮುಂದಕ್ಕೆ ಬಾಗಿದಳು.

“ಇದೂ ನೇಯಾಕ ಹತ್ತೈತಿ ನೋಡು,” ಎಂದಳು. “ಭಾಳ ಸಾವಕಾಶ. ಹಿಂಗಾದ್ರ ಹಬ್ಬಕ್ಕ ಸೀರಿ ಇಳಿಯೂದಿಲ್ಲ.”

ಎಡತುದಿ ನೋಡಿದಳು, ನಡು ನೋಡಿದಳು. ಕಾಕಾ ಹಿಗ್ಗಿಸುತ್ತ ಹೋದರು. ಒಂದೊಂದು ಎಳೆ ಕಿರುಬೆರಳಿನ ಗಾತ್ರವಾಯಿತು. ಅದರ ಮೈಮೇಲಿನ ಹುರಿ ಕೂಡ ಕಾಣುತ್ತಿತ್ತು.

“ತಿರುವಿ ಹಾಕು, ಮಲ್ಲಪ್ಪಾ. ಇಕಿ ಆ ಕಡೆ ನಿಂತು ತಗದಾಳ. ನಾ ಈ ಕಡೆ ಕುಂದ್ರಾಕಿ.”

ಕಾಕಾ ತಲೆಕೆಳಗಾಗಿ ತಿರುಗಿಸಿದರು. ದೊಡ್ಡವ್ವ ಬಲಗೈ ಎತ್ತಿ ಗಾಳಿಯಲ್ಲಿ ಒಂದು ಕೊಂಡಿ ಹಾಕಿದಳು. ಪರದೆ ನೋಡಿದಳು. ಇನ್ನೊಮ್ಮೆ ಹಾಕಿದಳು. ತಲೆ ಅಲ್ಲಾಡಿಸಿದಳು. ಆಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈ ಎತ್ತಿದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಪರದೆಯ ಮೇಲಿನ ಕೆಂಪು ಎಳೆ ಕಪ್ಪಿನ ಕೆಳಗೆ ಹೇಗೆ ಹೊಕ್ಕು ಹೇಗೆ ಹೊರಳಿತ್ತೋ, ಗಾಳಿಯಲ್ಲಿ ಅವಳ ಬೆರಳೂ ಹಾಗೇ ಹೊರಳಿತು.

ಇನ್ನೆರಡು ಸಲ ಎಡಗೈಯಲ್ಲೇ ಹಾಕಿ ನೋಡಿದಳು.

“ನಮ್ಮವ್ವನೂ ಹಿಂಗ ಎಡಗೈಲೆ ಹಾಕ್ತಿದ್ಲು,” ಎಂದಳು ಕಡೆಗೆ. “ನಾ ಎದುರಿಗೆ ಕುಂದರ್ತಿದ್ದೆ. ಅಕಿ ಎಡಗೈ ಅಂದ್ರ ನನಗ ಬಲಗೈ ಕಡಿ. ನಾ ನೋಡಿದ್ದು ನೋಡಿದಂಗ ಬಲಗೈಲೆ ಕಲ್ತೆ. ಕೊಂಡಿ ನೂಲಿನ ಹುರಿಗೆ ಎದುರು ತಿರುವಿ ಬಿಟ್ರ ಅದು ಏಳೂದಿಲ್ಲೇನು? ಏಳತೈತಿ.”

“ಅವರು ನಿನಗ ತಿದ್ದಲಿಲ್ಲೇನ, ದೊಡ್ಡವ್ವಾ?”

“ಎಡಗೈ ಮುಂದ ಮಾಡಿದ್ರ ನಮ್ಮಪ್ಪ ಹೊಡಿತಿದ್ದ. ಅಕಿ ತನ್ನ ಎಡಗೈನ ಸೆರಗಿನ ಮರಿಗೆ ಇಟ್ಕೊಂಡು ಕೆಲಸ ಮಾಡ್ತಿದ್ಲು. ನನಗೆಲ್ಲಿ ಹೇಳತಾಳ?”

ಕಾಕಾ ಕಂಪ್ಯೂಟರಿನ ಮೌಸನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ದೊಡ್ಡವ್ವ ಸೀರೆ ಕೊಡವಿ ಎದ್ದಳು. ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಕ್ಕಿದೆ ಎಂದಳು. ಚಹಾ ಕುಡಿಯಲಿಲ್ಲ.

ಇಳಕಲ್

ನನಗೆ ಹೋಗಲಾದದ್ದು ನಾಲ್ಕನೆಯ ದಿನ. ಗೂಟ ಖಾಲಿಯಿತ್ತು, ಕೆಂಪು ಹಾಸು ಕೆಳಗಿಳಿದಿತ್ತು. ದೊಡ್ಡವ್ವ ನೆಲದ ಮೇಲೆ ಕೂತು ಎಡಗೈಯಿಂದ ಕೊಂಡಿ ಹಾಕುತ್ತಿದ್ದಳು. ಅಕ್ಷರ ತಿದ್ದುವ ಮಗುವಿನಂತೆ ನಾಲಗೆಯ ತುದಿ ಹಲ್ಲಿನ ನಡುವೆ ಇತ್ತು. ಬಲಗೈಯಲ್ಲಾದರೆ ಒಂದು ಬೆಳಗಿಗೆ ಅರ್ಧ ಸೀರೆಯ ಕೊಂಡಿ ಮುಗಿಸುವವಳು ಮೂರು ದಿನದಲ್ಲಿ ಒಂದು ಗೇಣು ಮುಗಿಸಿದ್ದಳು.

ಎದುರಿಗೆ ಕೂರಲು ಹೋದೆ.

“ಅಲ್ಲಿ ಬ್ಯಾಡ,” ಎಂದಳು. “ಈ ಕಡೆ ಬಾ, ನನ್ನ ಮಗ್ಗಲಾಗ ಕುಂದ್ರು.”

ಪಕ್ಕದಲ್ಲಿ ಕೂತೆ. ಅವಳು ನನ್ನ ತೋರುಬೆರಳು ಹಿಡಿದು ಒಡಲಿನ ಕಡೆಯಿಂದ ಸೆರಗಿನ ಕಡೆಗೆ ಮೆಲ್ಲನೆ ಎಳೆದಳು. ಏನೂ ತಾಗಲಿಲ್ಲ. ಆಮೇಲೆ ನನ್ನ ಎಡಗೈಗೆ ಒಂದು ಕೆಂಪು ಎಳೆ ಕೊಟ್ಟಳು.